ಬಿಯರ್ ಲೇಬಲ್ ಬರೆಯುತ್ತಿದ್ದೆ

ಈಚೆಗೆ ಐರೋಲಿಯ ಒಂದು ಡಿಸೈನ್ ಕಾಲೇಜಿನವರು ನನ್ನನ್ನು ಕರೆದಿದ್ದರು. ಪ್ಯಾಕೇಜಿಂಗ್ ಕಲಿಯುವ ಮಕ್ಕಳ ಮುಂದೆ ಒಂದು ಗಂಟೆ ಮಾತಾಡಬೇಕಿತ್ತು. ಕೊನೆಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಹಿಂದಿಯಲ್ಲಿ ಕೇಳಿದಳು: "ಮ್ಯಾಮ್, ಇಡೀ ಕೆರಿಯರ್ ಬಿಯರ್ ಲೇಬಲ್ಲಿಗೇ ಹೋಯಿತಲ್ಲ, ಬೇಜಾರಿಲ್ಲವಾ?" ಅಷ್ಟರಲ್ಲಿ ಗಂಟೆ ಮುಗಿದಿತ್ತು. ಎಲ್ಲರಿಗೂ ಲೋಕಲ್ ರೈಲು ಹಿಡಿಯುವ ಅವಸರ. ನಾನು ನಕ್ಕು ಚೀಲ ಎತ್ತಿಕೊಂಡೆ. ಆ ಹುಡುಗಿಗೂ ಅವಳ ಜೊತೆಯವರಿಗೂ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದಾಗ ಕೈಯಲ್ಲಿ ಚಿತ್ರಕಲೆಯ ಡಿಪ್ಲೊಮಾ ಇತ್ತು. ರಬಾಳೆಯ ಒಂದು ಲೇಬಲ್ ಮುದ್ರಣಾಲಯದಲ್ಲಿ ಕಲಾವಿದರು ಬೇಕಾಗಿದ್ದಾರೆ ಎಂದು ನನ್ನವರ ಸ್ನೇಹಿತರು ಹೇಳಿದರು. ರಬಾಳೆ ಇರುವುದು ಠಾಣೆಯಿಂದ ವಾಶಿಗೆ ಹೋಗುವ ದಾರಿಯಲ್ಲಿ; ಅಲ್ಲಿಗೆ ಆಗ ಇನ್ನೂ ರೈಲು ಇರಲಿಲ್ಲ. ಠಾಣೆಯಲ್ಲಿ ಇಳಿದು, ಸಾಲಿನಲ್ಲಿ ನಿಂತು ಬಸ್ಸು ಹಿಡಿದು, ಕಲ್ಲು ಕ್ವಾರಿಯ ಧೂಳು ಕುಡಿಯುತ್ತ ಹೋಗಬೇಕಿತ್ತು. ಜ್ಯಾಮ್, ಉಪ್ಪಿನಕಾಯಿ, ಕೆಮ್ಮಿನ ಔಷಧ ಎಲ್ಲಕ್ಕೂ ಅಲ್ಲಿ ಲೇಬಲ್ ಆಗುತ್ತದೆ ಎಂದಿದ್ದರು. ಸುಳ್ಳೇನಲ್ಲ. ಆದರೆ ನನ್ನನ್ನು ಕೂರಿಸಿದ್ದು ಬಿಯರ್ ವಿಭಾಗದಲ್ಲಿ.

ಸ್ಟುಡಿಯೊದ ಮುಖ್ಯಸ್ಥರು ಪ್ರಧಾನ್ ಸರ್. ಮರಾಠಿಯವರು, ತೆಳ್ಳಗೆ, ಸದಾ ಬಿಳಿ ಅಂಗಿ. ಮೊದಲ ದಿನ ಒಂದು ಗಾಜಿನ ಲೋಟ, ಪೆನ್ಸಿಲ್, ಕಾಗದ ಕೊಟ್ಟು, "ನೊರೆ ಬರೆದು ತೋರಿಸು" ಎಂದರು. ನಾನು ಮೋಡದ ಹಾಗೆ ದುಂಡುದುಂಡಾಗಿ ಬರೆದೆ. ಅವರು ನೋಡಿ, "ಇದು ಹತ್ತಿ. ಇನ್ನೊಂದು ಬರಿ" ಎಂದರು. ಒಂದು ವಾರ ನೊರೆಯೇ ಬರೆದೆ. ಮನೆಯಲ್ಲಿ ಅಂಟುವಾಳಕಾಯಿ ನೆನೆಸಿ ಲೋಟದಲ್ಲಿ ಕಡೆದು, ನೊರೆ ಹೇಗೆ ಏರುತ್ತದೆ, ಹೇಗೆ ಒಡೆಯುತ್ತದೆ ಎಂದು ನೋಡುತ್ತಿದ್ದೆ. ನೊರೆ ಬಿಳಿಯಲ್ಲ, ಅದರೊಳಗೆ ತೆಳು ಹಳದಿ ಇದೆ, ಅಂಚಿನಲ್ಲಿ ಬೂದಿ ಬಣ್ಣ ಇದೆ ಎಂದು ಗೊತ್ತಾದದ್ದು ಆರನೆಯ ದಿನ. ಆ ದಿನದ ಚಿತ್ರ ನೋಡಿ ಪ್ರಧಾನ್ ಸರ್ ನನ್ನ ಕುರ್ಚಿಯನ್ನು ಕಿಟಕಿಯ ಹತ್ತಿರ ಹಾಕಿಸಿಕೊಟ್ಟರು, ಅಷ್ಟೇ.

ಅವರ ಬಳಿ ಒಂದು ತಗಡಿನ ಟ್ರಂಕ್ ಇತ್ತು. ಅವರ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಿದ್ದವರು. ಯಾವ ಬಂದರಿನಲ್ಲಿ ಇಳಿದರೂ ಬಿಯರ್ ಲೋಟದ ಕೆಳಗಿಡುವ ರಟ್ಟು, ಲೇಬಲ್ಲು, ಜಾಹೀರಾತಿನ ಪೋಸ್ಟ್‌ಕಾರ್ಡು ತಂದುಕೊಡುತ್ತಿದ್ದರಂತೆ. ಊಟದ ಹೊತ್ತಿನಲ್ಲಿ ಸರ್ ಒಂದೊಂದನ್ನೇ ತೆಗೆದು ತೋರಿಸುವರು. ಬೆಲ್ಜಿಯಂನ ಲೇಬಲ್ಲಿನ ಮೇಲೆ ಮಠದ ಸನ್ಯಾಸಿಗಳು. ಜರ್ಮನಿಯ ಕಾರ್ಡಿನಲ್ಲಿ ದೊಡ್ಡ ಡೇರೆಯೊಳಗೆ ಉದ್ದ ಬೆಂಚು, ತೊಡೆಯ ಮೇಲೆ ಮೊಮ್ಮಗುವನ್ನು ಕೂರಿಸಿಕೊಂಡ ಅಜ್ಜ. ಜಪಾನಿನ ಹಳೆಯ ಪೋಸ್ಟರಿನಲ್ಲಿ ಕಿಮೋನೊ ತೊಟ್ಟ ಹೆಂಗಸು, ಕೈಯಲ್ಲಿ ಪುಟ್ಟ ಲೋಟ. ಡಚ್ಚರ ಚಿತ್ರದಲ್ಲಿ ಹೆಂಡದಂಗಡಿಯ ಮುಂದೆ ಕುಣಿಯುವ ರೈತರು. ಒಂದು ಕಾರ್ಡಿನಲ್ಲಿ ಈಜಿಪ್ಟಿನ ಗೋರಿಯೊಳಗೆ ಸಿಕ್ಕ ಮರದ ಬೊಂಬೆಗಳಿದ್ದವು. ಬಿಯರಿಗೆಂದು ಹಿಟ್ಟು ನಾದುತ್ತಿರುವ ಹೆಂಗಸರು. ಅದನ್ನು ನನ್ನ ಮುಂದಿಟ್ಟು ಸರ್ ಹೇಳಿದರು: "ನೋಡು ಪ್ರಭಾ, ಎಷ್ಟೋ ದೇಶಗಳಲ್ಲಿ ಮೊದಲು ಇದನ್ನು ಮಾಡುತ್ತಿದ್ದವರು ಹೆಂಗಸರು. ಆಮೇಲೆ ಗಂಡಸರು ಕುಡಿದರು, ಗಂಡಸರೇ ಮಾರಿದರು, ಚಿತ್ರದಲ್ಲಿ ಹೆಂಗಸು ಬರೀ ಲೋಟ ಹಿಡಿದು ನಿಂತಳು."

ಆ ಮಾತು ಆಗ ನನಗೆ ಅಷ್ಟಾಗಿ ತಟ್ಟಲಿಲ್ಲ. ನನ್ನ ಚಿಂತೆ ಬೇರೆಯೇ ಇತ್ತು. ನನ್ನ ಮಾವನವರು ಠಾಣೆಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮ್ಯಾನೇಜರ್. ನೀರುಳ್ಳಿಯನ್ನೂ ಮನೆಯೊಳಗೆ ತರದವರು. ಸೊಸೆ ಜ್ಯಾಮ್ ಬಾಟಲಿಗೆ ಚಿತ್ರ ಬರೆಯುತ್ತಾಳೆ ಎಂದು ಅತ್ತೆ ಕನ್ನಡ ಸಂಘದಲ್ಲೆಲ್ಲ ಹೇಳಿಯಾಗಿತ್ತು. ನನ್ನವರಿಗೆ ನಿಜ ಗೊತ್ತಿತ್ತು. "ಕೇಳಿದರೆ ಹೇಳುವ, ಕೇಳದಿದ್ದರೆ ಎಂತಕ್ಕೆ?" ಎಂದುಬಿಟ್ಟರು. ಹಾಗೆ ಎರಡು ವರ್ಷ ಕಳೆಯಿತು.

ಆಮೇಲೆ ಮಾವನವರ ಹೋಟೆಲಿನ ಮಾಲಕರೇ ಮಾಳಿಗೆಯನ್ನು ಪರ್ಮಿಟ್ ರೂಮ್ ಮಾಡಿದರು. ಕೆಳಗೆ ಇಡ್ಲಿ ವಡೆ, ಮೇಲೆ ಬಿಯರು. ಆ ಕಾಲಕ್ಕೆ ನಮ್ಮ ಕಡೆಯವರ ಎಷ್ಟೋ ಹೋಟೆಲುಗಳು ಹಾಗಾದವು. ಮಾವನವರದು ಕೆಲಸ ಬಿಡುವ ವಯಸ್ಸೂ ಅಲ್ಲ, ಬೇರೆ ಕಡೆ ಸೇರುವ ವಯಸ್ಸೂ ಅಲ್ಲ. ಕೊನೆಗೆ ಎರಡೂ ಮಾಳಿಗೆ ನೋಡಿಕೊಳ್ಳಲು ಒಪ್ಪಿದರು.

ಒಂದು ಭಾನುವಾರ ಬೆಳಗ್ಗೆ ಅವರು ಚೀಲದಿಂದ ತೊಳೆದ ಖಾಲಿ ಬಾಟಲಿಯೊಂದನ್ನು ತೆಗೆದು ಊಟದ ಮೇಜಿನ ಮೇಲಿಟ್ಟರು. ಅತ್ತೆ "ಶಿವ ಶಿವಾ" ಎಂದು ಹಿಂದೆ ಸರಿದರು. ಲೇಬಲ್ಲಿನಲ್ಲಿ ಕೊಂಬೆಯ ಮೇಲೆ ಕೂತ ಮಿಂಚುಳ್ಳಿ. ಕೆಲವು ತಿಂಗಳ ಹಿಂದೆ ಅಡುಗೆಮನೆಯಲ್ಲಿ ಕೂತು ನಾನು ಅದೇ ಹಕ್ಕಿಯ ರೆಕ್ಕೆ ತಿದ್ದುತ್ತಿದ್ದದ್ದನ್ನು ಮಾವ ನೋಡಿದ್ದರು.

"ಪ್ರಭಾ, ಇದು ನೀನು ಬರೆದದ್ದಾ?"

"ಹೌದು ಮಾವ. ಹೇಳಬೇಕಿತ್ತು. ಧೈರ್ಯ ಬರಲಿಲ್ಲ."

ಅವರು ಬಹಳ ಹೊತ್ತು ಬಾಟಲಿಯನ್ನೇ ತಿರುಗಿಸಿ ನೋಡಿದರು. ಬಯ್ಯುತ್ತಾರೆ ಎಂದು ನಾನು ಕಾಯುತ್ತಿದ್ದೆ.

"ಹಕ್ಕಿ ಚಂದ ಬಂದಿದೆ," ಎಂದರು. "ಮೇಲೆ ಸ್ನೇಹಿತರೊಟ್ಟಿಗೆ ಬಂದವರು ಲೇಬಲ್ ಕಡೆ ಕಣ್ಣು ಹಾಕುದಿಲ್ಲ. ಒಬ್ಬನೇ ಬಂದು ಕೂತವ ಉಂಟಲ್ಲ, ಅವ ಅಷ್ಟನ್ನೂ ಓದ್ತಾನೆ. ಮೇಲಿನಿಂದ ಕೆಳಗಿನವರೆಗೆ, ಎರಡೆರಡು ಸಲ. ಮತ್ತೆ ಉಗುರಲ್ಲಿ ಕೆರೀತಾನೆ. ನಾನು ದಿನಾ ನೋಡ್ತೇನೆ." ಆಮೇಲೆ ಲೇಬಲ್ಲಿನ ಬುಡಕ್ಕೆ ಬೆರಳಿಟ್ಟು ತೋರಿಸಿದರು. "ಮದ್ಯಪಾನ ಆರೋಗ್ಯಕ್ಕೆ ಕೆಟ್ಟದು ಅಂತ ಇಲ್ಲಿ ಬರೆದದ್ದು ಎಂತಕ್ಕೆ ಇರುವೆಯಷ್ಟು? ಅವನಿಗೆ ಕನ್ನಡಕ ಇಲ್ಲದಿದ್ದರೆ?"

ಮಾರುಕಟ್ಟೆ ಸಮೀಕ್ಷೆಯ ಎಷ್ಟೋ ವರದಿಗಳು ಮುಂದೆ ನನ್ನ ಮೇಜಿಗೆ ಬಂದವು. ಲೇಬಲ್ ಓದುವವನು ಯಾರು ಎಂದು ನನಗೆ ಹೇಳಿಕೊಟ್ಟದ್ದು ಮಾತ್ರ ಬಿಯರ್ ಮುಟ್ಟದ ನನ್ನ ಮಾವ. ಅಂದಿನಿಂದ ಅತ್ತೆಯೂ ಸಂಘದಲ್ಲಿ ಜ್ಯಾಮಿನ ಮಾತು ಬಿಟ್ಟರು. "ನಮ್ಮ ಸೊಸೆಯದ್ದು ಲೇಬಲ್ ಕಂಪನಿ" ಎಂದಷ್ಟೇ ಹೇಳುತ್ತಿದ್ದರು.

ನನ್ನ ದೊಡ್ಡ ತಪ್ಪು ನಡೆದದ್ದು ಆ ಎಚ್ಚರಿಕೆಯ ಸಾಲಿನಲ್ಲೇ. ಆಗ ಕಂಪ್ಯೂಟರ್ ಇರಲಿಲ್ಲ. ಫಿಲ್ಮಿನ ನೆಗೆಟಿವ್ ತೆಗೆದು, ಮುದ್ರಣಕ್ಕೆ ಬೇಡದ್ದನ್ನು ಕುಂಚದಿಂದ ಕೆಂಪು ಬಣ್ಣ ಸವರಿ ಮುಚ್ಚುತ್ತಿದ್ದೆವು. ಒಂದು ಬಿಯರ್ ಕಾರ್ಖಾನೆಯ ವಿಳಾಸ ಬದಲಾಗಿತ್ತು. ಹೊಸದನ್ನು ಸೇರಿಸಿಯಾಗಿತ್ತು, ಹಳೆಯ ವಿಳಾಸದ ಸಾಲನ್ನು ಮುಚ್ಚಬೇಕಿತ್ತು. ಫಿಲ್ಮಿನಲ್ಲಿ ಅಕ್ಷರ ತಿರುವುಮುರುವು, ಎರಡು ಸಾಲೂ ಒಂದೇ ಉದ್ದ. ಮನೆಯಲ್ಲಿ ಮಗನಿಗೆ ಜ್ವರ, ಬಸ್ಸಿನ ಹೊತ್ತಾಗಿತ್ತು. ಹಳೆಯ ವಿಳಾಸವನ್ನು ಹಾಗೇ ಬಿಟ್ಟು ಕೆಳಗಿನ ಎಚ್ಚರಿಕೆಯ ಸಾಲಿಗೆ ಬಣ್ಣ ಸವರಿದೆ. ಮೊದಲ ಪ್ರತಿಯ ಮೇಲೆ ಪ್ರಧಾನ್ ಸರ್ ಸಹಿ ಮಾಡಿದರು. ನಾನು ನೋಡಿದ್ದೇನೆ ಎಂದಮೇಲೆ ಅವರು ಮತ್ತೆ ಓದಲಿಲ್ಲ.

ನಾಲ್ಕು ದಿನದ ಮೇಲೆ ಮಷಿನ್ ನಡೆಸುವ ಮಲ್ಲಪ್ಪ ಸ್ಟುಡಿಯೊಗೆ ಬಂದ. ವಿಜಾಪುರದ ಕಡೆಯವನು, ಕಲ್ಯಾಣದಲ್ಲಿ ಮನೆ. ಕೈಯಲ್ಲಿ ಎರಡು ಲೇಬಲ್ಲು, ಹಳೆಯದೊಂದು, ಹೊಸದೊಂದು.

"ಅಕ್ಕಾರ, ಇಲ್ಲಿ ಕೆಳಗ ಒಂದ ಸಾಲ ಇತ್ತಲ್ರೀ. ಅದೆಲ್ಲಿ ಹೋತು?"

ನಾನು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದೆ. "ಎಷ್ಟು ಹೋಗಿದೆ ಮಲ್ಲಪ್ಪ?"

"ಎಲ್ಲಾ ಹೋಗ್ಯಾವ್ರೀ. ನಿನ್ನೇನ ಲಾರಿ ಹೋತು. ನಾನೂ ಈಗ ನೋಡೀನಿ, ಮಷಿನ್ ತೊಳೀಬೇಕಾದ್ರ."

ಸುಮ್ಮನಿದ್ದರೆ ಯಾರ ತಪ್ಪೆಂದು ಹುಡುಕುವಷ್ಟರಲ್ಲಿ ಬಾಟಲಿಗಳು ಊರೂರು ಸೇರುತ್ತಿದ್ದವು. ಕಾನೂನಿನ ಪ್ರಕಾರ ಇರಲೇಬೇಕಾದ ಸಾಲು ಅದು. ಕಾರ್ಖಾನೆಯ ಪರವಾನಗಿಗೇ ಕುತ್ತು ಬರಬಹುದಿತ್ತು. ನಾನು ನೇರ ಪ್ರಧಾನ್ ಸರ್ ಮುಂದೆ ಹೋಗಿ ನಿಂತೆ. ಅವರು ಕನ್ನಡಕ ತೆಗೆದು ಒರೆಸಿದರು. "ನಡಿ, ಹೋಗೋಣ" ಎಂದರು.

ಕಾರ್ಖಾನೆ ಇದ್ದದ್ದು ಕಲ್ಯಾಣದ ಆಚೆ, ಶಹಾಡ್ ದಾಟಿ. ಅಲ್ಲಿಯ ಮ್ಯಾನೇಜರ್ ಸಿಡಿಮಿಡಿಗೊಳ್ಳುತ್ತ, "ಯಾರು ಮಾಡಿದ್ದು ಇದನ್ನ?" ಎಂದು ಕೂಗಿದರು. ಪ್ರಧಾನ್ ಸರ್, "ಸಹಿ ನನ್ನದು" ಎಂದರು. ನಾನು, "ಕೈ ನನ್ನದು" ಎಂದೆ. ಮ್ಯಾನೇಜರ್ ಇಬ್ಬರ ಮುಖವನ್ನೂ ನೋಡಿ ತುಸು ತಣ್ಣಗಾದರು. ನಮ್ಮ ಪುಣ್ಯಕ್ಕೆ ಬಾಟಲಿಗಳು ಇನ್ನೂ ಗೇಟು ದಾಟಿರಲಿಲ್ಲ. ಕ್ರೇಟುಗಳು ಶೆಡ್ಡಿನಲ್ಲೇ ಪೇರಿಸಿಕೊಂಡಿದ್ದವು. ತುಂಬಿದ ಬಾಟಲಿಗಳನ್ನು ಖಾಲಿ ಬಾಟಲಿ ತೊಳೆಯುವ ಬಿಸಿ ನೀರಿನ ಮಷಿನ್ನಿಗೆ ಹಾಕುವಂತಿಲ್ಲ. ಒಂದೊಂದನ್ನೂ ತೊಟ್ಟಿಯಲ್ಲಿ ನೆನೆಸಿ, ಕೈಯಿಂದ ಲೇಬಲ್ ಕಿತ್ತು, ಹೊಸದು ಅಂಟಿಸಬೇಕು.

ಆ ಕೆಲಸಕ್ಕೆ ಅಲ್ಲಿಯ ಹೆಂಗಸರು ಕೂತರು. ನಾನೂ ಸೆರಗು ಸಿಕ್ಕಿಸಿ ಅವರ ಜೊತೆ ಕೂತೆ. ಯಾರೂ ಹೇಳಿದ್ದಲ್ಲ. ಎರಡು ಹಗಲು ಕಿತ್ತೆವು. ಮೊದಲ ಮಧ್ಯಾಹ್ನದ ಹೊತ್ತಿಗೆ ಉಗುರಿನ ಬುಡದಲ್ಲಿ ರಕ್ತ ಜಿನುಗಿತು. ಪಕ್ಕದಲ್ಲಿದ್ದ ಹಿರಿಯಾಕೆ ನನ್ನ ಕೈ ನೋಡಿ, ತನ್ನದನ್ನೂ ಚಾಚಿ ತೋರಿಸಿದಳು. ಹಳೆಯ ಗಾಯ, ಹೊಸ ಗಾಯ ಎಲ್ಲ ಇತ್ತು.

"ಈ ಬಂಗಾರದ ಬಣ್ಣ ಹಾಕ್ತಾರಲ್ಲ ತಾಯಿ," ಎಂದಳು ಮರಾಠಿಯಲ್ಲಿ, "ಇದರೊಳಗೆ ನೀರು ಇಳಿಯೋದಿಲ್ಲ. ವಾಪಸ್ ಬಂದ ಖಾಲಿ ಬಾಟಲಿ ಮಷಿನ್ನಿನಲ್ಲಿ ತೊಳೆದರೂ ಹೋಗೋದಿಲ್ಲ. ಆಮೇಲೆ ನಾವೇ ಕೆರೆಯೋದು. ಇದನ್ನು ಬರೆಯೋರು ಯಾರೋ, ಒಂದು ದಿನ ಬಂದು ಕೆರೆಯಬೇಕು."

"ಬರೆದವಳು ನಾನೇ," ಎಂದೆ.

ಅವಳು ಜೋರಾಗಿ ನಕ್ಕು ಆಚೆಯವರಿಗೆಲ್ಲ ಕೂಗಿ ಹೇಳಿದಳು. ಶೆಡ್ಡಿನ ತುಂಬ ನಗೆ. ಅವಮಾನವಾಗಬೇಕಿತ್ತು, ಆಗಲಿಲ್ಲ. ನಾನೂ ನಕ್ಕು ಮುಂದಿನ ಬಾಟಲಿ ಎತ್ತಿಕೊಂಡೆ.

ನಮ್ಮ ಕೆಲಸದ ಗುಟ್ಟು ಇಷ್ಟು: ಐಸ್ ನೀರಿನಲ್ಲಿ ಲೇಬಲ್ ಬಿಡಬಾರದು, ತೊಳೆಯುವ ಬಿಸಿ ನೀರಿನಲ್ಲಿ ಬಿಡದೆ ಇರಬಾರದು. ಅದನ್ನು ನಾನು ಆವರೆಗೆ ಕಾಗದದವರ, ಅಂಟಿನವರ ತಲೆನೋವು ಎಂದುಕೊಂಡಿದ್ದೆ. ವಾಪಸ್ ಬಂದು ಪ್ರಧಾನ್ ಸರ್‌ಗೆ, "ಬಂಗಾರದ ಹಿನ್ನೆಲೆ ತೆಗೆಯೋಣ. ಅಂಚಿಗೆ ಒಂದು ಗೆರೆ ಸಾಕು" ಎಂದೆ. ಬಂಗಾರ ಇಲ್ಲದಿದ್ದರೆ ಮಾಲು ಹೋಗುವುದಿಲ್ಲ ಎಂದು ಗಿರಾಕಿಗಳು ಹಟ ಹಿಡಿದರು. ಸರ್ ನನ್ನ ಪರ ನಿಂತು ಮೂರು ಮೀಟಿಂಗಿನಲ್ಲಿ ವಾದ ಮಾಡಿದರು. ಕೊನೆಗೆ ಒಬ್ಬ ಗಿರಾಕಿ ಒಪ್ಪಿದ. ಮಾಲು ಮೊದಲಿನ ಹಾಗೆಯೇ ಹೋಯಿತು. ಮತ್ತೆ ಉಳಿದವರೂ ಒಬ್ಬೊಬ್ಬರಾಗಿ ಒಪ್ಪಿದರು. ಅದೇ ನೆಪದಲ್ಲಿ ಎಚ್ಚರಿಕೆಯ ಅಕ್ಷರವನ್ನೂ ನಾನು ದಪ್ಪ ಮಾಡಿದೆ.

ನಗುವ ಸಂಗತಿಗಳೂ ಇದ್ದವು. ಟಿವಿಯಲ್ಲಿ, ಪತ್ರಿಕೆಯಲ್ಲಿ ಬಿಯರಿನ ಜಾಹೀರಾತು ಹಾಕುವಂತಿಲ್ಲ. ಹಾಗಾಗಿ ಕಂಪನಿಗಳು ಅದೇ ಹೆಸರಿನ ಸೋಡಾ ಮಾಡಿ, ಸೋಡಾದ ಜಾಹೀರಾತು ಹಾಕುತ್ತಿದ್ದವು. ಸಮುದ್ರ ತೀರ, ದೋಣಿ, ಕುಣಿಯುವ ಹುಡುಗ ಹುಡುಗಿಯರು, ಎಲ್ಲ ಒಂದು ಸೋಡಾಕ್ಕೆ! ಅದರ ಲೇಬಲ್ಲನ್ನೂ ನಾವೇ ಮಾಡುತ್ತಿದ್ದೆವು. ಎರಡಕ್ಕೂ ಒಂದೇ ಅಕ್ಷರ, ಒಂದೇ ಬಣ್ಣ ಇರಬೇಕು ಎಂದು ಗಿರಾಕಿಗಳ ತಾಕೀತು. ನನಗೆ ಅದು ಎಂದೂ ಹಿಡಿಸಲಿಲ್ಲ. ಒಮ್ಮೆ ಕ್ಯಾಲೆಂಡರಿಗೆ ಫೋಟೊ ತೆಗೆಯುವಾಗ ನೊರೆ ನಿಲ್ಲಲಿ ಎಂದು ಫೋಟೊಗ್ರಾಫರ್ ಬಿಯರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿದ್ದ. ಗಿರಾಕಿಯ ಕಡೆಯ ದೊಡ್ಡ ಸಾಹೇಬರು ಫೋಟೊ ಮುಗಿದದ್ದೇ ತಡ, "ಹಾಳಾಗುವುದು ಯಾಕೆ" ಎಂದು ಲೋಟ ಎತ್ತಿ ಅರ್ಧ ಕುಡಿದುಬಿಟ್ಟರು. ಆಮೇಲೆ ಮಾತಾಡಲು ಬಾಯಿ ತೆರೆದಾಗಲೆಲ್ಲ ತುಟಿಯಲ್ಲಿ ಗುಳ್ಳೆ. ನಗು ತಡೆಯಲಾರದೆ ಪ್ರಧಾನ್ ಸರ್ ಗೋಡೆಯ ಕಡೆ ಮುಖ ಮಾಡಿ ನಿಂತರು.

ಪ್ರಧಾನ್ ಸರ್ ನಿವೃತ್ತರಾದರು. ಕಂಪ್ಯೂಟರ್ ಬಂತು. ಕುಂಚ ಹಿಡಿದ ಆರು ಮಂದಿಯಲ್ಲಿ ನಾಲ್ವರು ಬಿಟ್ಟು ಹೋದರು. ನಾನು ನಲವತ್ತು ದಾಟಿದ ಮೇಲೆ ಮೌಸ್ ಹಿಡಿಯಲು ಕಲಿತೆ. ಮೊದಲ ತಿಂಗಳು ಒಂದು ಸರಳ ರೇಖೆ ಎಳೆಯಲಾರದೆ ಬಾತ್‌ರೂಮಿಗೆ ಹೋಗಿ ಅತ್ತದ್ದೂ ಉಂಟು. ಕಲಿಸಿದವರು ನನ್ನ ಮಗನ ವಯಸ್ಸಿನವರು. ಅವರಿಗೆ ನಾನು ನೊರೆ ಕಲಿಸಿದೆ, ಅವರು ನನಗೆ ಫೈಲ್ ಉಳಿಸುವುದು ಕಲಿಸಿದರು. ಹೊಸ ವಿಧಾನದಿಂದ ಕಲೆ ಸತ್ತಿತು ಎಂದು ನನ್ನ ಕಾಲದವರು ಕೆಲವರು ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ಯಾವ ಸಾಲು ಮಾಯವಾಯಿತು ಎಂದು ಈಗ ಅಚ್ಚಿಗೆ ಮೊದಲೇ ಮೂರು ಸಲ ನೋಡಬಹುದು. ನೋಡುವ ಮನಸ್ಸು ಬೇಕು, ಅಷ್ಟೇ.

ನಾನು ಕೆಲಸ ಬಿಡುವ ವರ್ಷ ಹೊರದೇಶದ ಒಂದು ಸಣ್ಣ ಕಂಪನಿಯಿಂದ ಬೇಡಿಕೆ ಬಂತು. ಅಕ್ಕಿ ಬೆರೆಸಿದ ಬಿಯರನ್ನು ಇಲ್ಲಿ ಮಾಡಿಸಿ ಅಲ್ಲಿ ಮಾರುತ್ತಾರೆ. ಲೇಬಲ್ಲಿನಲ್ಲಿ 'ಭಾರತ' ಕಾಣಬೇಕಂತೆ: ಆರು ಕೈಗಳ ದೇವಿ, ಒಂದು ಕೈಯಲ್ಲಿ ಬಿಯರ್ ಮಗ್. ನಾನು ಬರೆಯುವುದಿಲ್ಲ ಎಂದೆ. ಮುದ್ರಣಾಲಯದ ಮಾಲಕರ ಮಗ, ಆಗ ಅವರೇ ವ್ಯವಹಾರ ನೋಡುತ್ತಿದ್ದವರು, ನನ್ನನ್ನು ಕರೆದು ಹಿಂದಿಯಲ್ಲಿ, "ಆಂಟಿ, ನೀವು ಇನ್ನು ಮೂರು ತಿಂಗಳಲ್ಲಿ ಹೋಗ್ತೀರಿ. ನಾವು ಇರಬೇಕಲ್ಲ. ನಿಕಿತಾ ಮಾಡ್ತಾಳೆ ಬಿಡಿ" ಎಂದರು.

ನಿಕಿತಾ ನನ್ನ ಕೈಕೆಳಗಿದ್ದ ಹುಡುಗಿ, ಠಾಣೆಯ ಪಕ್ಕದ ಕಳವಾ ಎಂಬ ಊರಿನವಳು. ಕೆಲಸ ಸೇರಿ ಎಂಟು ತಿಂಗಳು. ಅವಳ ಮುಖ ಚಿಕ್ಕದಾಯಿತು. ನಾನು ಹೇಳಿದೆ: "ಮಾಡು ಅಂತಲೂ ಹೇಳುವುದಿಲ್ಲ, ಬೇಡ ಅಂತಲೂ ಹೇಳುವುದಿಲ್ಲ. ನನಗೆ ಬೇಡ ಅನ್ನುವುದು ಸುಲಭ, ನಿನಗೆ ಕಷ್ಟ. ಆದರೆ ಬೇಡ ಅನ್ನುವುದಾದರೆ ಬರಿಗೈಯಲ್ಲಿ ಅನ್ನಬೇಡ. ಅದಕ್ಕಿಂತ ಒಳ್ಳೆಯದನ್ನು ಮೇಜಿನ ಮೇಲಿಟ್ಟು ಅನ್ನು."

ಮೂರನೆಯ ದಿನ ಅವಳು ಟ್ಯಾಬ್ಲೆಟ್ ತಂದು ತೋರಿಸಿದಳು. ಒನಕೆ ಎತ್ತಿ ಭತ್ತ ಕುಟ್ಟುತ್ತಿರುವ ಒಬ್ಬ ಮುದುಕಿ. ಒಂಬತ್ತು ಗಜದ ಸೀರೆಯ ಕಚ್ಚೆ, ನೆರಿಗೆಗಟ್ಟಿದ ಮುಖ, ಆ ಮುಖದಲ್ಲಿ ಬೆಳಕಿನಂಥ ನಗು. ಈಜಿಪ್ಟಿನ ಆ ಬೊಂಬೆಗಳನ್ನು ನಾನು ಅವಳಿಗೆ ತೋರಿಸಿರಲಿಲ್ಲ. ಅದು ಅವಳಿಗೆ ತಾನಾಗಿ ಹೊಳೆದದ್ದು. ಮಾಲಕರ ಮಗ ನೋಡಿ, "ಕಳಿಸಿ ನೋಡೋಣ" ಎಂದರು. ಎರಡು ದಿನದಲ್ಲಿ ಆ ಕಡೆಯಿಂದ ಉತ್ತರ ಬಂತು: ದೇವಿ ಬೇಡ, ಇದೇ ಇರಲಿ. ಈ ಹೆಂಗಸು ಯಾರು?

"ಯಾರಿವರು?" ಎಂದು ನಾನೂ ಕೇಳಿದೆ.

"ನನ್ನ ಆಜಿ," ಎಂದಳು.

"ಅವರನ್ನು ಕೇಳಿದೆಯಾ?"

"ಇಲ್ಲ ಮ್ಯಾಮ್," ಎಂದಳು. ಅವಳ ಅಜ್ಜ ಕುಡಿತದಿಂದಲೇ ತೀರಿಕೊಂಡವರಂತೆ. ಅದಕ್ಕೇ ಕೇಳಲು ಹೆದರಿದ್ದಳು. "ಮುಖ ಸ್ವಲ್ಪ ಬದಲಾಯಿಸಿಬಿಡಲಾ ಮ್ಯಾಮ್?" ಎಂದಳು. ಕೇಳದೆ ಒಬ್ಬರ ಮುಖ ಅಚ್ಚು ಹಾಕಬಾರದು, ಕೇಳಲು ಹೆದರಿ ಮುಖ ಕೆಡಿಸಲೂಬಾರದು ಎಂದೆ. ಅವರು ಬೇಡ ಎಂದರೆ ಬೇಡ. ಆ ಶನಿವಾರ ಇಬ್ಬರೂ ಲೇಬಲ್ಲಿನ ದೊಡ್ಡ ಪ್ರತಿ ತೆಗೆಸಿಕೊಂಡು ಕಳವಾಕ್ಕೆ ಹೋದೆವು.

ಸಾಲುಮನೆಗಳ ಹಳೆಯ ಚಾಳು, ಅದರ ಎರಡನೆಯ ಮಾಳಿಗೆಯಲ್ಲಿ ಒಂದು ಕೋಣೆ. ಆಜಿ ಮುರಬಾಡ್ ಕಡೆಯ ಹಳ್ಳಿಯವರು. ಚಹಾ ಕೊಟ್ಟರು. ನಿಕಿತಾ ಪ್ರತಿಯನ್ನು ಬಿಡಿಸಿ ಅವರ ಮುಂದಿಟ್ಟಳು. ನಾನೇ ನನ್ನ ಮರಾಠಿಯಲ್ಲಿ ಎಲ್ಲ ಹೇಳಿದೆ. ಬಿಯರ್ ಬಾಟಲಿಯ ಮೇಲೆ ಅಂಟಿಸುವುದು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಆಜಿ ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಕುಡಿದು ಹಾಳಾದವರು ಬೇರೆ," ಎಂದರು. "ಕುಟ್ಟಿದವಳು ನಾನು. ನಮ್ಮ ಊರಲ್ಲೂ ಕುಟ್ಟೋದು, ನೆನೆಸೋದು, ಸೋಸೋದು ಎಲ್ಲ ಹೆಂಗಸರೇ. ಹಾಕಿಕೊಳ್ಳಿ." ಆಮೇಲೆ ಹುಬ್ಬು ಗಂಟಿಕ್ಕಿ ಚಿತ್ರದ ಬಾಯಿಯ ಮೇಲೆ ಬೆರಳಿಟ್ಟರು. "ಆದರೆ ಇದೇನಿದು? ಕಾಂಡತಾನಾ ಕೋಣ್ ಹಸತಂ ಗ?"

ಕುಟ್ಟುವಾಗ ಯಾರು ನಗುತ್ತಾರೆ?

ಇಷ್ಟು ವರ್ಷ ನಾನು ಬರೆದ ಲೇಬಲ್ಲುಗಳಲ್ಲಿ, ಕ್ಯಾಲೆಂಡರುಗಳಲ್ಲಿ ನಗದವರು ಒಬ್ಬರೂ ಇರಲಿಲ್ಲ. ದೇಶವಿದೇಶದ ಯಾವ ಜಾಹೀರಾತು ನೋಡಿದರೂ ಎಲ್ಲರೂ ನಗುತ್ತಿದ್ದರು. ಅದು ತಪ್ಪೆಂದು ಯಾರೂ ನನಗೆ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಆಜಿ ಎದ್ದರು. ಮೂಲೆಯಲ್ಲಿದ್ದ ನೆಲ ಒರೆಸುವ ಕೋಲನ್ನು ತೆಗೆದುಕೊಂಡು ಸೆರಗು ಬಿಗಿದರು. "ಹೀಗೆ ನೋಡು" ಎಂದು ಎತ್ತಿ ನೆಲಕ್ಕೆ ಒಂದು ಕುಟ್ಟು ಕುಟ್ಟಿದರು. ತುಟಿ ಬಿಗಿಯಿತು, ಮೂಗಿನ ಹೊಳ್ಳೆ ಅರಳಿತು, "ಹುಂ" ಎಂದು ಉಸಿರು ಬಂತು. "ಕಣ್ಣು ಕೈಯ ಮೇಲಲ್ಲ, ಒರಳಿನ ಮೇಲೆ. ಇಲ್ಲದಿದ್ದರೆ ಕಾಲಿಗೆ ಬೀಳುತ್ತೆ." ಇನ್ನೊಂದು ಕುಟ್ಟು. ನಿಕಿತಾ ಟ್ಯಾಬ್ಲೆಟ್ ಬಿಟ್ಟು, ನನ್ನ ಚೀಲದಿಂದ ಪೆನ್ಸಿಲ್ ಕಿತ್ತುಕೊಂಡು, ಪ್ರತಿಯನ್ನು ಮಗುಚಿ ಅದರ ಹಿಂಬದಿಯಲ್ಲಿ ಗೆರೆ ಎಳೆಯತೊಡಗಿದಳು. ಮುಂದೆ ಅಚ್ಚಾಗಿ ಹಡಗು ಹತ್ತಿದ್ದು ಆ ಗೆರೆಗಳೇ. ಅವಳ ಕೈ ಎಲ್ಲೂ ತಡವರಿಸುತ್ತಿರಲಿಲ್ಲ.

"ಇನ್ನೊಮ್ಮೆ ಆಜಿ," ಎಂದಳು.

ಸದ್ದಿಗೆ ಕೆಳಗಿನ ಮನೆಯವರು ಕಿಟಕಿಯಿಂದ ಮುಖ ಹೊರಗೆ ಹಾಕಿ, ಏನು ನಡೀತಿದೆ ಮೇಲೆ ಎಂದು ಕೂಗಿದರು. ಆಜಿ ಕೋಲನ್ನು ಎತ್ತಿದ ಕೈಯಲ್ಲೇ ಕಿಟಕಿಯತ್ತ ತಿರುಗಿ, ಇಡೀ ಚಾಳಿಗೆ ಕೇಳುವ ಹಾಗೆ ಕೂಗಿ ಹೇಳಿದರು:

"ನಾತೀಚಂ ಕಾಮ್ ಚಾಲೂ ಆಹೆ!" ನನ್ನ ಮೊಮ್ಮಗಳ ಕೆಲಸ ನಡೀತಿದೆ.

ಮತ್ತೆ ತುಟಿ ಬಿಗಿದು ಕುಟ್ಟಿದರು.